ಹದಿನಾಲ್ಕು ವರ್ಷದ ಫ್ರಿಜ್: ಕೊಟ್ಟುಬಿಡೋದಾ, ಇಟ್ಟುಕೊಳ್ಳೋದಾ?

ಕುವೆಂಪುನಗರದವ (ಮೈಸೂರು)

ಎಲ್ಲರಿಗೂ ನಮಸ್ಕಾರ. ಒಂದು ಮನೆಮಟ್ಟದ ಪ್ರಶ್ನೆ, ಆದರೆ ಮೂರು ದಿನದಿಂದ ತಲೆ ತಿನ್ನುತ್ತಿದೆ.

ನಮ್ಮ ಫ್ರಿಜ್ 2011ರದ್ದು. ತಂಗಿ ಮದುವೆ ವರ್ಷ ತಂದದ್ದು, ಅದಕ್ಕೇ ಇಸವಿ ನೆನಪಿದೆ. 260 ಲೀಟರ್, ಎರಡು ಬಾಗಿಲಿನದು. ಚೆನ್ನಾಗೇ ಓಡುತ್ತಿದೆ. ಆದರೆ ಗೃಹಜ್ಯೋತಿ ಬಂದಮೇಲೆ ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಈಗ ಮೂರು ತಿಂಗಳಿಂದ ಹೆಚ್ಚುವರಿ ಯೂನಿಟ್ ಅಂತ ದುಡ್ಡು ಕಟ್ಟುತ್ತಿದ್ದೇವೆ. ಹೊಸದಾಗಿ ಏನೂ ತಂದಿಲ್ಲ. ಅನುಮಾನ ಫ್ರಿಜ್ ಮೇಲೆ.

ಅಂಗಡಿಗೆ ಹೋದರೆ ಅವನು "ಇಷ್ಟು ಹಳೇದು ಇಟ್ಟುಕೊಳ್ಳೋದು ಪರಿಸರಕ್ಕೇ ಮೋಸ ಸರ್, ಇದು ನೋಡಿ ಇಕೋ ಮಾಡೆಲ್, 28 ಸಾವಿರ, ಹಳೇದಕ್ಕೆ ಸಾವಿರದೈನೂರು ಕೊಡ್ತೀನಿ" ಅಂದ. ನಾನು ಹೆಚ್ಚುಕಡಿಮೆ ಒಪ್ಪಿಕೊಂಡೇ ಬಂದೆ. ಮನೇಲಿ ಒಂಬತ್ತನೇ ಕ್ಲಾಸಿನ ಮಗ, "ಅಪ್ಪಾ, ಹೊಸಾ ಫ್ರಿಜ್ ಮಾಡೋಕೂ ಫ್ಯಾಕ್ಟರೀಲಿ ಹೊಗೆ ಬರುತ್ತಲ್ಲ, ಅದನ್ನ ಲೆಕ್ಕ ಹಾಕಿದ್ರಾ?" ಅಂತ ಕೇಳಿದ. ನಿಜ ಹೇಳಬೇಕು ಅಂದ್ರೆ ಹಾಕಿರಲಿಲ್ಲ. ದುಡ್ಡಿನ ಲೆಕ್ಕ ಪಕ್ಕಕ್ಕಿಡಿ. ಹೊಗೆ ಕಡಿಮೆ ಆಗಬೇಕು ಅಂದ್ರೆ ಯಾವುದು ಸರಿ?

ಬ್ಯಾಡಗಿ ಮೆಣಸಿನಕಾಯಿ

ಹದಿನಾಲ್ಕು ವರ್ಷ ದುಡಿದಿದೆ ಅಂದ್ರೆ ಸನ್ಮಾನ ಮಾಡಿ, ಶಾಲು ಹೊದಿಸಿ ಕಳಿಸಿ ಸರ್ 😀 ಹೊಸದು ತಗೊಳ್ಳಿ. ನನ್ನ ಹಳೇದು ಕರೆಂಟ್ ಕುಡೀತಿತ್ತು.

ಲೆಕ್ಕದ ಮೇಷ್ಟ್ರು (ಹಾಸನ)

ಮೊದಲು ಅಳೆಯಿರಿ. ಅಳೆಯದೆ ಯಾರು ಏನು ಹೇಳಿದರೂ ಅದು ಜ್ಯೋತಿಷ್ಯ, ನನ್ನದೂ ಸೇರಿ.

ಸುಲಭದ ದಾರಿ ಇದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ ಒಂದನ್ನು ಬಿಟ್ಟು ಉಳಿದ ಎಂಸಿಬಿ (ಮೀಟರ್ ಬೋರ್ಡಿನ ಸ್ವಿಚ್) ಎಲ್ಲಾ ಇಳಿಸಿ. ಫ್ಯಾನ್ ಬೇಕು ಅಂದ್ರೆ ಒಂದು ರಾತ್ರಿ ಕಿಟಕಿ ತೆಗೆದು ಮಲಗಿ, ಮೈಸೂರಲ್ಲಿ ಅಷ್ಟು ಸೆಕೆ ಇರಲ್ಲ. ಹತ್ತೂವರೆಗೆ ಮೀಟರ್ ಓದಿ ಬರೆದಿಡಿ, ಬೆಳಿಗ್ಗೆ ಆರೂವರೆಗೆ ಮತ್ತೆ ಓದಿ. ಎಂಟು ಗಂಟೆಗೆ ಎಷ್ಟು ಅಂತ ಸಿಗುತ್ತದೆ, ಅದನ್ನು ಮೂರರಿಂದ ಗುಣಿಸಿದರೆ ಒಂದು ದಿನದ್ದು. ಹಗಲು ಬಾಗಿಲು ತೆಗೆದು ಹಾಕಿ ಮಾಡುವುದರಿಂದ ಸ್ವಲ್ಪ ಜಾಸ್ತಿಯೇ ಇರುತ್ತದೆ, ಇರಲಿ.

ಆಮೇಲೆ ಹೊಗೆ ಲೆಕ್ಕ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಹೆಚ್ಚಿನ ಭಾಗ ಕಲ್ಲಿದ್ದಲಿನದ್ದು. ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ ನಿಜ, ಆದರೆ ನಿಮ್ಮ ಫ್ರಿಜ್ ರಾತ್ರಿ ಎರಡು ಗಂಟೆಗೂ ಓಡುತ್ತದೆ, ಆಗ ಪಾವಗಡದಲ್ಲಿ ಬಿಸಿಲಿಲ್ಲ.

ಸುಮ್ನೆ ಓದೋನು

ಇದೆಲ್ಲಾ ನೋಡಿದ್ರೆ ನಗು ಬರುತ್ತೆ ಗುರು. ಒಬ್ಬ ಮೈಸೂರಿನ ಮನುಷ್ಯ ರಾತ್ರಿ ಫ್ಯಾನ್ ಆಫ್ ಮಾಡಿ ಬೆವರುತ್ತಾ ಮೀಟರ್ ಓದಬೇಕು, ಅತ್ತ ಥರ್ಮಲ್ ಪ್ಲಾಂಟ್‌ಗಳು, ಸಿಮೆಂಟ್ ಫ್ಯಾಕ್ಟರಿಗಳು, ಪ್ರೈವೇಟ್ ಜೆಟ್‌ಗಳು ಆರಾಮಾಗಿ ಹೊಗೆ ಬಿಡಬೇಕು. ತಪ್ಪು ಯಾರದ್ದೋ, ವ್ರತ ನಮ್ಮದು. ಇನ್ನೊಂದು ಮಾತು, 200 ಯೂನಿಟ್ ಫ್ರೀ ಕೊಟ್ಟಮೇಲೆ ಯಾರಿಗೆ ಬೇಕಿದೆ ಉಳಿತಾಯ?

ತಾರಸಿ ತೋಟ (ಬೆಂಗಳೂರು)

ಫ್ರೀ ಬಗ್ಗೆ ಒಂದು ತಿದ್ದುಪಡಿ. ಎಲ್ಲರಿಗೂ 200 ಇಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ 10, ಅಷ್ಟೇ. ಸರಾಸರಿ 140 ಇದ್ದವರಿಗೆ 154 ತನಕ ಉಚಿತ, ಮೇಲಿನದಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಹಾಗಾಗಿ ಮೈಸೂರಿನವರ ಮನೆಯಲ್ಲಿ ಏನೋ ಒಂದು ಕರೆಂಟ್ ಜಾಸ್ತಿ ಎಳೆಯುತ್ತಿರುವುದಂತೂ ಖಚಿತ. ಆದರೆ ಸೊನ್ನೆ ಬಿಲ್ ಬಂದರೆ ಯಾರೂ ಮೀಟರ್ ಕಡೆ ತಿರುಗಿ ನೋಡಲ್ಲ ಅನ್ನೋ ನಿಮ್ಮ ಮಾತು ಒಪ್ಪುತ್ತೇನೆ. ನಮ್ಮಮ್ಮ ಮೊದಲೆಲ್ಲ ಲೈಟ್ ಆರಿಸದಿದ್ದರೆ ಬೈಯುತ್ತಿದ್ದರು, ಈಗ ಬೈಯಲ್ಲ.

"ನಾವೊಬ್ಬರು ಮಾಡಿ ಏನು" ಅನ್ನೋದಕ್ಕೆ ಎಲ್‌ಇಡಿ ಬಲ್ಬ್ ನೆನಪಿಸಿಕೊಳ್ಳಿ. 2014ರಲ್ಲಿ ಸರ್ಕಾರಿ ಕಂಪನಿ ಇಇಎಸ್‌ಎಲ್ ಸಗಟಾಗಿ ಕೊಂಡಾಗ ಒಂದು ಬಲ್ಬಿಗೆ 310 ರೂಪಾಯಿ. ಎರಡೇ ವರ್ಷದಲ್ಲಿ ಅದೇ ಬಲ್ಬ್ 38 ರೂಪಾಯಿಗೆ ಬಂತು. ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಜಾಸ್ತಿ ಬಲ್ಬ್ ಹಂಚಿಕೆ ಆಯಿತು. ಈಗ ಅಂಗಡಿಯಲ್ಲಿ ಹಳೇ ಗುಂಡು ಬಲ್ಬ್ ಕೇಳಿದರೆ ಹುಡುಕಿ ಕೊಡಬೇಕು. ಒಬ್ಬೊಬ್ಬರೇ ಒಳ್ಳೆಯವರಾಗಿದ್ದರಿಂದ ಇದು ಆಗಲಿಲ್ಲ, ಒಟ್ಟಿಗೆ ಕೊಂಡಿದ್ದರಿಂದ ಆಯಿತು.

ಅದನ್ನೇ ನಾವು ಅಪಾರ್ಟ್‌ಮೆಂಟಿನಲ್ಲಿ ಸಣ್ಣದಾಗಿ ಮಾಡಿದೆವು. ಫ್ಯಾನ್. ಹಳೇ ಸೀಲಿಂಗ್ ಫ್ಯಾನ್ 75 ವಾಟ್ ತಿನ್ನುತ್ತದೆ, ಕರೆಂಟ್ ಕಡಿಮೆ ತಿನ್ನುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸು. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಅಂದ್ರೆ ಒಂದೊಂದು ಫ್ಯಾನಿಗೆ 162 ಯೂನಿಟ್ ಉಳಿತಾಯ. ಮೇಷ್ಟ್ರ ಲೆಕ್ಕದಲ್ಲಿ 113 ಕೆಜಿ. 40 ಮನೆಯವರು ಸೇರಿ 120 ಫ್ಯಾನ್ ಒಂದೇ ಸಲ ಕೇಳಿದಾಗ ಡೀಲರ್ ದನಿಯೇ ಬದಲಾಯಿತು. ಬೆಲೆ ಇಳಿಸಿದ, ಹಾಕಿಸಿಯೂ ಕೊಟ್ಟ. ಒಂದೇ ಒಂದು ಜಗಳ ಅಂದ್ರೆ, ಹಳೇ ಫ್ಯಾನ್ ಏನು ಮಾಡೋದು ಅಂತ. ಕೆಲವರು ಊರಿಗೆ ಕಳಿಸಿದರು, ಅಲ್ಲಿ ಅದು ಮತ್ತೆ 75 ವಾಟ್ ತಿನ್ನುತ್ತಾ ತಿರುಗುತ್ತಿದೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ನಿರ್ವಾಹಕ

ಗ್ಯಾರಂಟಿ ಯೋಜನೆ ಸರಿಯಾ ತಪ್ಪಾ ಅನ್ನೋ ಐದು ಕಾಮೆಂಟ್ ತೆಗೆದಿದ್ದೇನೆ. ಫ್ರಿಜ್ ಬಗ್ಗೆ ಮಾತಾಡೋಣ.

ಕಂಪ್ರೆಸರ್ ಕಾಕಾ (ಹುಬ್ಬಳ್ಳಿ)

ನಾನು 22 ವರ್ಷದಿಂದ ಫ್ರಿಜ್, ಎಸಿ ರಿಪೇರಿ ಮಾಡುತ್ತೇನೆ. ಮೈಸೂರು ಸರ್, ಮೀಟರ್ ಆಮೇಲೆ ನೋಡ್ರಿ, ಮೊದಲು ಹತ್ತು ರೂಪಾಯಿ ನೋಟು ತಗೊಳ್ರಿ. ಅರ್ಧ ಒಳಗ, ಅರ್ಧ ಹೊರಗ ಇರೋ ಹಂಗ ಬಾಗಿಲಿಗೆ ಸಿಗಿಸಿ ಮುಚ್ಚಿರಿ. ಈಗ ಎಳೀರಿ. ಬಿಗಿಯಾಗಿ, ಹಿಡಿದಹಂಗ ಬರಬೇಕು. ಸುಮ್ನೆ ಜಾರಿ ಬಂತು, ಇಲ್ಲಾ ತಾನೇ ಬಿತ್ತು ಅಂದ್ರ ಬಾಗಿಲ ರಬ್ಬರ್ ಹೋಗಿದೆ ಅಂತ ಅರ್ಥ. ಒಂದೇ ಕಡೆ ಅಲ್ಲ, ಸುತ್ತಲೂ ನೋಡಬೇಕು. ಕೆಳಗಿನ ಮೂಲೆ, ಹಿಂಜ್ ಇರೋ ಕಡೆ, ಅಲ್ಲೇ ಮೊದಲು ಸೀಳೋದು. ಆ ರಬ್ಬರಿನ ಒಳಗ ಒಂದು ಮ್ಯಾಗ್ನೆಟ್ ಪಟ್ಟಿ ಇರುತ್ತದೆ, ರಬ್ಬರ್ ಗಟ್ಟಿ ಆದಮೇಲೆ ಅದು ಹಿಡಿಯೋದಿಲ್ಲ. ಸಂದಿಯಿಂದ ಬಿಸಿಗಾಳಿ ಒಳಗ ಹೋಗುತ್ತಿದ್ದರೆ ಕಂಪ್ರೆಸರ್‌ಗೆ ಬಿಡುವೇ ಇಲ್ಲ. ಹತ್ತು ಗಿರಾಕಿಗಳಲ್ಲಿ ಮೂರು ನಾಲ್ಕು ಮಂದಿ "ಫ್ರಿಜ್ ಹಳೇದಾತು" ಅಂತ ಕರೀತಾರ, ಹೋಗಿ ನೋಡಿದರ ರಬ್ಬರ್.

ಹಿಂದಿನ ಕಾಯಿಲ್ ಮೇಲೆ ಧೂಳು ಕೂತಿದೆಯಾ ಅಂತಾನೂ ನೋಡ್ರಿ. ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದು ಗೇಣು ಮುಂದಕ್ಕ ಎಳೀರಿ.

ಇನ್ನೊಂದು, ಹೊಗೆ ಮಾತು ಬಂದಿದ್ದಕ್ಕ ಹೇಳುತ್ತೇನೆ, ನಮ್ಮ ಕಸುಬಿನವರು ಇದನ್ನು ಬಾಯಿ ಬಿಡೋದಿಲ್ಲ. ನಿಮ್ಮ ಮನಿಯಾಗ ಎಲ್ಲಕ್ಕಿಂತ ಕೆಟ್ಟ ಹೊಗೆ ಕಾಣೋದೇ ಇಲ್ಲ. ಅದು ಎಸಿ ಒಳಗಿನ ಗ್ಯಾಸ್. ಆರ್-410ಎ ಅನ್ನೋ ಗ್ಯಾಸ್ ಒಂದು ಕೆಜಿ ಗಾಳಿಗೆ ಬಿಟ್ಟರೆ 2,088 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು. ಟ್ರೇನಿಂಗ್‌ನಲ್ಲಿ ಇದನ್ನು ಕೇಳಿದ ದಿನ ನನಗ ನಿದ್ದಿ ಬರಲಿಲ್ಲ, ಯಾಕಂದ್ರ ಅಷ್ಟೊತ್ತಿಗೆ ಹದಿನೈದು ವರ್ಷ ನಾನೇ ವಾಲ್ವ್ ತೆಗೆದು ಪುಸ್ ಅಂತ ಬಿಟ್ಟಿದ್ದೆ. ಹಳೇ ಎಸಿಗಳ ಆರ್-22 ಗ್ಯಾಸ್ ಅಂದ್ರ ಸುಮಾರು 1,800 ಪಟ್ಟು. ಈಗಿನ ಎಸಿಗಳಲ್ಲಿ ಬರೋ ಆರ್-32 ಸ್ವಲ್ಪ ಕಡಿಮೆ, 675. ಆರ್-290 ಅಂತ ಒಂದಿದೆ, ಅದು ಪ್ರೊಪೇನ್, ಹೆಚ್ಚುಕಡಿಮೆ ಅಡಿಗೆ ಗ್ಯಾಸಿನ ಅಣ್ಣತಮ್ಮ, ಅದು ಬರೀ ಮೂರು. ಆದರ ಬೆಂಕಿ ಹತ್ತುತ್ತದೆ, ಅದಕ್ಕ ಎಲ್ಲರೂ ಅದರಲ್ಲಿ ಕೈ ಹಾಕಬಾರದು.

ಲೆಕ್ಕದ ಮೇಷ್ಟ್ರು

ಕಾಕಾ ಹೇಳಿದ 2,088 ಕೆಜಿಯನ್ನು ಹೀಗೆ ನೋಡಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆಜಿ. ಅಂದರೆ ಒಂದು ಕೆಜಿ ಗ್ಯಾಸ್ ಬಿಡುವುದೂ 900 ಲೀಟರ್ ಪೆಟ್ರೋಲ್ ಸುಡುವುದೂ ಒಂದೇ. ಲೀಟರಿಗೆ 45 ಕೊಡುವ ಸ್ಕೂಟರಿನಲ್ಲಿ 40 ಸಾವಿರ ಕಿಲೋಮೀಟರ್. ನಾನು ಐದು ವರ್ಷ ಸ್ಕೂಲಿಗೆ ಸೈಕಲ್ ತುಳಿದದ್ದು ಯಾರದೋ ಎಸಿಯ ಒಂದು ಪುಸ್‌ಗೆ ಸಮ. ಸ್ವಲ್ಪ ಬೇಜಾರಾಯಿತು.

ಕಲಬುರಗಿ ಬಿಸಿಲು

ಅಯ್ಯೋ ಕಾಕಾ. ನಮ್ಮಲ್ಲಿ ಎಸಿ ಇಲ್ಲದೆ ಏಪ್ರಿಲ್ ದಾಟಲ್ಲ. ನಾಲ್ಕು ವರ್ಷದಿಂದ ಪ್ರತೀ ಬೇಸಿಗೆಗೆ ಒಬ್ಬ ಬರುತ್ತಾನೆ, "ಗ್ಯಾಸ್ ಕಮ್ಮಿ ಆಗಿದೆ ಮೇಡಂ" ಅಂತಾನೆ, 2,500 ತಗೊಂಡು ತುಂಬಿ ಹೋಗುತ್ತಾನೆ. ವರ್ಷಾ ವರ್ಷಾ ಗ್ಯಾಸ್ ಖಾಲಿ ಆಗೋದು ಸಹಜ ಅಂತಲೇ ನಾನು ಅಂದುಕೊಂಡಿದ್ದೆ, ಸ್ಕೂಟರಿಗೆ ಪೆಟ್ರೋಲ್ ಹಾಕಿದ ಹಾಗೆ. ಅಲ್ವಾ?

ಕಂಪ್ರೆಸರ್ ಕಾಕಾ

ಅಲ್ಲ ತಂಗಿ. ಗ್ಯಾಸ್ ಖರ್ಚಾಗೋ ವಸ್ತು ಅಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಮ್ಮಿ ಆಗಿದೆ ಅಂದ್ರ ಎಲ್ಲೋ ಸೋರುತ್ತಿದೆ. ಬಕೆಟ್ ತೂತಾಗಿದ್ದರ ನೀರು ತುಂಬಿಸುತ್ತಾ ಕೂರೋದಾ? ನಾಲ್ಕು ವರ್ಷದಲ್ಲಿ ನಿಮ್ಮ ಎಸಿ ಒಂದು ಎರಡು ಕೆಜಿ ಗಾಳಿಗೆ ಕೊಟ್ಟಿದೆ.

ಮುಂದಿನ ಸಲ ಬಂದವನಿಗೆ ಹೀಗ ಕೇಳ್ರಿ: "ಲೀಕ್ ಎಲ್ಲಿದೆ, ತೋರಿಸು." ಹೊರಗಿನ ಯೂನಿಟ್ ಹತ್ರ ತಾಮ್ರದ ಪೈಪ್ ಸೇರೋ ಜಾಗದಾಗ ಫ್ಲೇರ್ ನಟ್ ಇರುತ್ತದೆ, ಅಲ್ಲಿ ಸೋಪಿನ ನೊರೆ ಹಚ್ಚಿದರ ಗುಳ್ಳೆ ಏಳುತ್ತದೆ. ಅಲ್ಲಿ ಸಿಗಲಿಲ್ಲ ಅಂದ್ರ ನೈಟ್ರೋಜನ್ ತುಂಬಿ ಪ್ರೆಶರ್ ನೋಡಬೇಕು. ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಾಕಬೇಕು, ಆಮೇಲೆ ತೂಕ ಮಾಡಿ ಗ್ಯಾಸ್ ತುಂಬಬೇಕು. ಎಷ್ಟು ಗ್ರಾಂ ಅಂತ ಎಸಿ ಮೇಲೇ ಬರೆದಿರುತ್ತದೆ. ತೂಕದ ಮಷೀನು ತರದೆ ಬರೀ ಗೇಜ್ ನೋಡಿ ತುಂಬುವವನು ಅರ್ಧ ಕೆಲಸದವನು. ಒಳಗ ಉಳಿದ ಗ್ಯಾಸನ್ನು ಸಿಲಿಂಡರಿಗೆ ವಾಪಸ್ ತಗೊಳ್ಳೋ ರಿಕವರಿ ಮಷೀನು ಇದೆ, ಆದರ ರೇಟ್ ಜಾಸ್ತಿ, ಸಣ್ಣ ಮೆಕ್ಯಾನಿಕ್‌ಗಳ ಹತ್ರ ಇರೋದಿಲ್ಲ. ಗಿರಾಕಿ ಕೇಳಿದರ ತಾನೇ ತರೋದು? ನನಗೆ 22 ವರ್ಷದಲ್ಲಿ ಒಬ್ಬರೂ ಕೇಳಿಲ್ಲ. "ಬೇಗ ಮುಗಿಸು, ಎಷ್ಟಾಯ್ತು, ಸ್ವಲ್ಪ ಬಿಡು" ಇಷ್ಟೇ.

ಕಲಬುರಗಿ ಬಿಸಿಲು

ಕೇಳುತ್ತೇನೆ. ಈ ಸಲ ಸೋಪಿನ ನೊರೆ ನಾನೇ ಹಚ್ಚುತ್ತೇನೆ.

ಕುವೆಂಪುನಗರದವ

ಎಲ್ಲಾ ಮಾಡಿದೆ, ವರದಿ ಒಪ್ಪಿಸುತ್ತಿದ್ದೇನೆ 😀

ಮೀಟರ್: ರಾತ್ರಿ 10:30ಕ್ಕೆ 8412.6, ಬೆಳಿಗ್ಗೆ 6:30ಕ್ಕೆ 8413.4. ಎಂಟು ಗಂಟೆಗೆ 0.8 ಯೂನಿಟ್. ದಿನಕ್ಕೆ 2.4. ವರ್ಷಕ್ಕೆ 876 ಯೂನಿಟ್! ತಿಂಗಳಿಗೆ 72 ಯೂನಿಟ್ ಬರೀ ಫ್ರಿಜ್ಜಿಗೆ. ಮಗನ ಲೆಕ್ಕದಲ್ಲಿ ವರ್ಷಕ್ಕೆ 613 ಕೆಜಿ ಹೊಗೆ. ಹೆಂಡತಿ "ಅದಕ್ಕಿಂತ ನಿಮ್ಮ ಸ್ಕೂಟರ್ ವಾಸಿ" ಅಂದಳು.

ನೋಟು: ಮೇಲಿನ ಬಾಗಿಲು ಪಾಸ್. ಕೆಳಗಿನ ಬಾಗಿಲಲ್ಲಿ ನೋಟು ಎಳೆಯುವುದೇ ಬೇಡ, ಮೂಲೆಯಲ್ಲಿ ಸಿಗಿಸಿ ಕೈ ಬಿಟ್ಟ ತಕ್ಷಣ ನೆಲಕ್ಕೆ ಬಿತ್ತು. ಮಗ ಟಾರ್ಚ್ ಆನ್ ಮಾಡಿ ಒಳಗಿಟ್ಟು ಬಾಗಿಲು ಮುಚ್ಚಿ ದೀಪ ಆರಿಸಿದ. ಕೆಳಗಡೆ ಒಂದು ಗೇಣು ಉದ್ದಕ್ಕೆ ಬೆಳಕಿನ ಗೆರೆ ಕಾಣಿಸಿತು. ಎಷ್ಟು ವರ್ಷದಿಂದ ಹಾಗಿತ್ತೋ. ಆ ರಬ್ಬರಿನ ಮಡಿಕೆಯಲ್ಲಿ ಎರಡು ಒಣ ಕರಿಬೇವು, ಒಂದು ಸಾಸಿವೆ ಕಾಳು, ಕಪ್ಪು ಬೂಷ್ಟು.

ಈಗ ಪ್ರಶ್ನೆ ಮತ್ತೆ ಅದೇ. ರಬ್ಬರ್ ಹಾಕಿಸೋದಾ, ಹೊಸದೇ ತಗೊಳ್ಳೋದಾ?

ಲೆಕ್ಕದ ಮೇಷ್ಟ್ರು

ಮೊದಲು ರಬ್ಬರ್. ಮತ್ತೆ ಅಳೆಯಿರಿ. ಆಮೇಲೆ ತೀರ್ಮಾನ.

ಅಂಗಡಿಗೆ ಹೋದಾಗ ನಕ್ಷತ್ರ ಎಣಿಸಬೇಡಿ ಅಂತ ಒಂದು ಸೂಚನೆ. ಕರೆಂಟ್ ಉಳಿತಾಯಕ್ಕೆ ನಕ್ಷತ್ರ ಕೊಡುವ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ) ಲೇಬಲ್ 2006ರಿಂದ ಇದೆ, ಒಳ್ಳೆಯ ವ್ಯವಸ್ಥೆ. ಆದರೆ ನಕ್ಷತ್ರದ ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತಾರೆ. ಹಳೆಯ ಲೇಬಲ್ಲಿನ ಐದು ನಕ್ಷತ್ರ ಈಗಿನ ಲೆಕ್ಕದಲ್ಲಿ ಐದು ಅಲ್ಲ. ಇನ್ನೊಂದು, ನಕ್ಷತ್ರ ಕೊಡುವುದು ಅಷ್ಟೇ ಗಾತ್ರದ ಬೇರೆ ಫ್ರಿಜ್‌ಗಳಿಗೆ ಹೋಲಿಸಿ. ಹಾಗಾಗಿ 500 ಲೀಟರಿನ ಐದು ನಕ್ಷತ್ರದ್ದು 200 ಲೀಟರಿನ ಮೂರು ನಕ್ಷತ್ರದ್ದಕ್ಕಿಂತ ಜಾಸ್ತಿ ಕರೆಂಟ್ ತಿನ್ನಬಹುದು. ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅಂಕಿ ಇರುತ್ತದೆ, ಅದನ್ನು ಓದಿ. ನಾಲ್ಕು ಜನರ ಮನೆಗೆ ಎಷ್ಟು ಲೀಟರ್ ಬೇಕು ಅನ್ನುವುದನ್ನೂ ಅಂಗಡಿಯವನನ್ನು ಕೇಳಬೇಡಿ, ಮನೆಯ ಸಾರಿನ ಪಾತ್ರೆ ಕೇಳಿ.

ಸ್ಟುಟ್‌ಗಾರ್ಟ್ ಶೆಟ್ರು

ಇಲ್ಲಿ ಯುರೋಪಿನಲ್ಲೂ ಇದೇ ಕತೆ ಆಗಿತ್ತು. ಎ ಪ್ಲಸ್, ಎ ಪ್ಲಸ್ ಪ್ಲಸ್, ಮೂರು ಪ್ಲಸ್ ಅಂತ ಬೆಳೆದು ಕೊನೆಗೆ ಅಂಗಡಿಯಲ್ಲಿ ಇರೋದೆಲ್ಲ ಎ! 2021ರ ಮಾರ್ಚ್‌ನಲ್ಲಿ ಎಲ್ಲಾ ಪ್ಲಸ್ ಕಿತ್ತುಹಾಕಿ ಮತ್ತೆ ಎ ಇಂದ ಜಿ ತನಕ ಅಂತ ಮಾಡಿದರು. ನಮ್ಮ ಮನೆಯ ಮೂರು ಪ್ಲಸ್ ಫ್ರಿಜ್ಜಿಗೆ ಸಮನಾದದ್ದು ಅಂಗಡಿಯಲ್ಲಿ ಇ ಅಂತ ಕೂತಿತ್ತು. ಎಸ್‌ಎಸ್‌ಎಲ್‌ಸಿ ಡಿಸ್ಟಿಂಕ್ಷನ್ ಹುಡುಗ ಪಿಯುಸಿಯಲ್ಲಿ ಮಕಾಡೆ ಮಲಗಿದ ಹಾಗೆ.

ಪಕ್ಕದ ಫ್ರಾನ್ಸಿನಲ್ಲಿ ಇನ್ನೂ ಒಂದು ಹೆಜ್ಜೆ. 2021ರಲ್ಲಿ ಫೋನು, ಲ್ಯಾಪ್‌ಟಾಪು, ಟಿವಿ, ವಾಷಿಂಗ್ ಮಷೀನಿಗೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಹಾಕಿ ಬೆಲೆಯ ಪಕ್ಕದಲ್ಲೇ ಬರೆಯಬೇಕು ಅಂತ ನಿಯಮ ತಂದರು. ಸ್ಪೇರ್ ಸಿಗುತ್ತಾ, ಸ್ಕ್ರೂ ಬಿಚ್ಚೋಕಾಗುತ್ತಾ ಅಂತೆಲ್ಲ ನೋಡಿ ಅಂಕ. ಇದು ನಮ್ಮೂರಿಗೆ ಬಂದರೆ ಕಾಕಾ ಅಂಥವರಿಗೆ ಹಬ್ಬ. ಇಲ್ಲಿ ಮಾತ್ರ ರಿಪೇರಿಯವನನ್ನು ಮನೆಗೆ ಕರೆಸುವ ಖರ್ಚಿನಲ್ಲಿ ಹೊಸ ಮಿಕ್ಸಿಯೇ ಬರುತ್ತದೆ. ನಿಮ್ಮಲ್ಲಿ ಇನ್ನೂ ರಿಪೇರಿಯವರು ಇದ್ದಾರೆ, ಪುಣ್ಯವಂತರು.

ಬೆಣ್ಣೆದೋಸೆ (ದಾವಣಗೆರೆ)

ಮಿಕ್ಸಿ ಅಂದಿದ್ದಕ್ಕೆ ಬಂದೆ. ನಮ್ಮ ಮಿಕ್ಸಿ 19 ವರ್ಷದ್ದು. ಎರಡು ಸಲ ಕಪ್ಲರ್, ಒಂದು ಸಲ ಕಾರ್ಬನ್ ಬ್ರಷ್, ಒಂದು ಸಲ ವೈಂಡಿಂಗ್. ಹೋದ ತಿಂಗಳು ಸುಟ್ಟ ವಾಸನೆ ಬಂದು ನಿಂತಿತು. ಕಂಪನಿ ಸರ್ವಿಸ್‌ಗೆ ಒಯ್ದರೆ ಬಿಚ್ಚಿಯೂ ನೋಡದೆ "ಈ ಮಾಡೆಲ್ ಬಂದ್ ಆಗಿದೆ, ಸ್ಪೇರ್ ಇಲ್ಲ, ಹೊಸದು ತಗೊಳ್ಳಿ" ಅಂದರು. ಅಲ್ಲಿಂದ ನಾಲ್ಕು ಅಂಗಡಿ ದಾಟಿ ಒಬ್ಬ ಮುದುಕಪ್ಪ ಕೂರುತ್ತಾನೆ, ಮೇಜಿನ ತುಂಬಾ ಮೋಟಾರು. ಬಿಚ್ಚಿ ಒಳಗಿಂದ ಎರಡು ಕರಿ ತುಂಡು ತೆಗೆದು ಅಂಗೈ ಮೇಲಿಟ್ಟು ತೋರಿಸಿದ, ಅಕ್ಕಿ ಕಾಳಿನಷ್ಟು ಸವೆದಿದ್ದವು. ಹೊಸಾ ಬ್ರಷ್ ಹಾಕಿ, ಬುಷ್‌ಗೆ ಎರಡು ಹನಿ ಎಣ್ಣೆ ಬಿಟ್ಟು, 120 ರೂಪಾಯಿ ತಗೊಂಡ. ದೋಸೆ ಹಿಟ್ಟು ರುಬ್ಬುತ್ತಿದ್ದೇನೆ.

ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೆ ಹೆಚ್ಚು. ಅದು ತಿನ್ನೋ ಕರೆಂಟ್ ಎಷ್ಟು ಮಹಾ? ಹಾಗಾದ್ರೆ ಅದರ ಹೊಗೆ ಇರೋದೆಲ್ಲ ಅದನ್ನ ಮಾಡುವಾಗಲೇ ಅಲ್ವಾ?

ಲೆಕ್ಕದ ಮೇಷ್ಟ್ರು

ಅಕ್ಕ, ಇಡೀ ಚರ್ಚೆಯ ಗಂಟನ್ನು ನೀವು ಬಿಚ್ಚಿಬಿಟ್ಟಿರಿ. ದಿನವಿಡೀ ಓಡುವ ಫ್ರಿಜ್, ಫ್ಯಾನ್, ಎಸಿಗಳ ಹೊಗೆ ಜಾಸ್ತಿ ಬಳಕೆಯಲ್ಲಿ. ಅಲ್ಲಿ ಕರೆಂಟ್ ಕಡಿಮೆ ತಿನ್ನುವ ಹೊಸದು ಕೆಲವು ವರ್ಷದಲ್ಲೇ ತನ್ನ ತಯಾರಿಕೆಯ ಹೊಗೆಯನ್ನು ತೀರಿಸುತ್ತದೆ. ಮಿಕ್ಸಿ, ಫೋನು, ಬಟ್ಟೆ, ಮೇಜು ಕುರ್ಚಿಗಳ ಹೊಗೆ ಜಾಸ್ತಿ ತಯಾರಿಕೆಯಲ್ಲಿ. ಫೋನ್ ಕಂಪನಿಗಳ ಸ್ವಂತ ವರದಿಗಳಲ್ಲೇ ಒಟ್ಟು ಹೊಗೆಯ ಮುಕ್ಕಾಲು ಪಾಲು ಅಥವಾ ಜಾಸ್ತಿ ಫೋನ್ ನಿಮ್ಮ ಕೈಗೆ ಬರುವ ಮೊದಲೇ ಆಗಿಹೋಗಿರುತ್ತದೆ ಅಂತ ಬರೆದಿರುತ್ತಾರೆ. ಅದನ್ನು ರಾತ್ರಿ ಚಾರ್ಜರ್ ತೆಗೆದು ಉಳಿಸಲು ಆಗುವುದಿಲ್ಲ. ಎರಡು ವರ್ಷದ ಬದಲು ಐದು ವರ್ಷ ಇಟ್ಟುಕೊಂಡರೆ ಮಾತ್ರ.

ಸುಮ್ನೆ ಓದೋನು

ಸರಿ ಮೇಷ್ಟ್ರೇ, ಇದು ಒಪ್ಪುವಂಥದ್ದು. ಆದರೆ ಬಟ್ಟೆ ಚೀಲದ ಭಕ್ತರಿಗೂ ಸ್ವಲ್ಪ ಹೇಳಿ. ನಮ್ಮ ಮನೇಲಿ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಬಂದ "ಪರಿಸರಸ್ನೇಹಿ" ಬಟ್ಟೆ ಚೀಲ 60 ಇದೆ. ಬೀರು ಬಾಗಿಲು ತೆಗೆದರೆ ಮೇಲೆ ಬೀಳುತ್ತವೆ.

ಲೆಕ್ಕದ ಮೇಷ್ಟ್ರು

ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಇದನ್ನೇ ಲೆಕ್ಕ ಹಾಕಿತ್ತು. ಹೊಗೆ ಒಂದನ್ನೇ ನೋಡಿದರೂ ಒಂದು ಹತ್ತಿ ಚೀಲವನ್ನು 52 ಸಲ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಪ್ಲಾಸ್ಟಿಕ್ ಚರಂಡಿ ಕಟ್ಟುತ್ತದೆ, ದನ ತಿನ್ನುತ್ತದೆ, ಅದು ಬೇರೆ ವಿಷಯ, ಅದಕ್ಕಾಗಿ ಚೀಲ ಬೇಕೇ ಬೇಕು. ಆದರೆ ಬೇಕಾದದ್ದು ಒಂದು ಅಥವಾ ಎರಡು ಚೀಲ, ಹರಿಯುವ ತನಕ. ನಿಮ್ಮ 60 ಚೀಲಕ್ಕೆ 3,120 ಸಲ ಸಂತೆಗೆ ಹೋಗಬೇಕಾಗುತ್ತದೆ. ಹೊರಡಿ.

ಗ್ರಾಹಕಿ

ಅಂಗಡಿಯವನ "ಇಕೋ ಮಾಡೆಲ್" ಮಾತಿಗೆ ವಾಪಸ್ ಬರುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದರ ಬಗ್ಗೆಯೇ ಮಾರ್ಗಸೂಚಿ ತಂದಿದೆ. ಇಕೋ, ಗ್ರೀನ್, ಪರಿಸರಸ್ನೇಹಿ ಅಂತ ಸುಮ್ನೆ ಅಚ್ಚು ಹಾಕುವ ಹಾಗಿಲ್ಲ. ಯಾವ ವಿಷಯದಲ್ಲಿ, ಎಷ್ಟು, ಯಾವ ಆಧಾರದ ಮೇಲೆ ಅಂತ ಕಂಪನಿ ಹೇಳಬೇಕು. ಇಡೀ ವಸ್ತುವಾ, ಬರೀ ಡಬ್ಬವಾ ಅಂತಲೂ ಸ್ಪಷ್ಟ ಮಾಡಬೇಕು. ಸುಳ್ಳು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ನಾನು ಒಂದು ಪಾತ್ರೆ ತೊಳೆಯುವ ಸೋಪಿನ ಕಂಪನಿಗೆ "ನಿಮ್ಮ ಬಾಟಲಿ ಮೇಲೆ ಕಾರ್ಬನ್ ನ್ಯೂಟ್ರಲ್ ಅಂತಿದೆ, ಹೇಗೆ?" ಅಂತ ಮೇಲ್ ಹಾಕಿದೆ. ಮೊದಲು ಕೂಪನ್ ಕಳಿಸಿದರು. ಎರಡನೇ ಸಲ ಬರೆದೆ, ಮರ ನೆಡುತ್ತೇವೆ ಅಂದರು. ಎಲ್ಲಿ, ಎಷ್ಟು ಅಂತ ಮೂರನೇ ಸಲ ಬರೆದೆ. ಉತ್ತರ ಬಂದಿಲ್ಲ. ಸೋಪು ಚೆನ್ನಾಗಿದೆ, ಆದರೆ ಬಿಟ್ಟೆ.

ರಾಗಿಮುದ್ದೆ (ತುಮಕೂರು)

ಎಲ್ಲರೂ ಮಷೀನಿನ ಬಗ್ಗೆಯೇ ಮಾತಾಡ್ತಿದ್ದೀರಿ, ಫ್ರಿಜ್ ಒಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ. ಗದ್ದೆಯಲ್ಲಿ ನೀರು ನಿಂತರೆ ಕೆಳಗಿನ ಮಣ್ಣಿಗೆ ಗಾಳಿ ಇಲ್ಲ, ಅಲ್ಲಿ ಮೀಥೇನ್ ಹುಟ್ಟುತ್ತದೆ. ಅದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ 28 ಪಟ್ಟು. ನಮ್ಮ ಹೊಲದ ರಾಗಿ ಮಳೆ ನೀರಲ್ಲಿ ಬೆಳೆಯುತ್ತದೆ, ನಿಂತ ನೀರು ಬೇಡ. ಅನ್ನ ಬಿಡಿ ಅಂತ ಹೇಳಲ್ಲ, ನಾನೂ ಬಿಡಲ್ಲ. ಆದರೆ ಆ ಅನ್ನವನ್ನು ಮೂರು ದಿನ ಫ್ರಿಜ್ಜಲ್ಲಿಟ್ಟು ನಾಲ್ಕನೇ ದಿನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಕಸಕ್ಕೆ ಹಾಕಿದರೆ, ಗದ್ದೆಯಲ್ಲಿ ಒಂದು ಸಲ ಮೀಥೇನ್, ಕಸದ ಗುಡ್ಡದಲ್ಲಿ ಇನ್ನೊಂದು ಸಲ.

ತಾರಸಿ ತೋಟ

ನಿಜ. ಹಸಿ ಕಸ ಬೇರೆ ಮಾಡಿದರೆ ಗೊಬ್ಬರ, ಬೆರೆಸಿ ಕಟ್ಟಿದರೆ ಮೀಥೇನ್. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ 2014ರಲ್ಲಿ ಕಸದ ಲಾರಿ ತಡೆದಾಗ ಬೆಂಗಳೂರಿಗೆ ಬುದ್ಧಿ ಬಂತು ಅಂದುಕೊಂಡಿದ್ದೆ. ನಮ್ಮ ಮಹಡಿಯಲ್ಲಿ ಈಗಲೂ ಒಬ್ಬರು ಡೈಪರ್, ಸಾಂಬಾರು ಒಂದೇ ಕವರಿಗೆ ಹಾಕುತ್ತಾರೆ. ಹೆಸರು ಹೇಳಲ್ಲ, ಇಲ್ಲೇ ಇರಬಹುದು.

ಬ್ಯಾಡಗಿ ಮೆಣಸಿನಕಾಯಿ

ನನ್ನ ಹೆಂಡತಿ ಆನ್‌ಲೈನಲ್ಲಿ ಒಂದೇ ಕುರ್ತಾ ಮೂರು ಸೈಜ್ ತರಿಸಿ ಎರಡು ವಾಪಸ್ ಕಳಿಸುತ್ತಾಳೆ. ಇದನ್ನೂ ಸೇರಿಸಿ. ನಾನು ಹೇಳಿದೆ ಅಂತ ಹೇಳಬೇಡಿ.

ಕುವೆಂಪುನಗರದವ

ಹನ್ನೊಂದು ದಿನ ಆಯಿತು, ಕ್ಷಮಿಸಿ, ರಬ್ಬರ್ ಸಿಗಲು ತಡವಾಯಿತು. ಕಂಪನಿಯಲ್ಲಿ "ಇಲ್ಲ" ಅಂದರು. ಸ್ಪೇರ್ ಅಂಗಡಿಯವನು ಹಳೇ ರಬ್ಬರಿನ ಅಳತೆ ತಗೊಂಡು, ಉದ್ದದ ಪಟ್ಟಿ ಕತ್ತರಿಸಿ, ಮೂಲೆಗಳನ್ನು ಬಿಸಿ ಮಾಡಿ ಅಂಟಿಸಿ ಕೊಟ್ಟ. ಮೆಕ್ಯಾನಿಕ್ ಬಂದು ಕೂರಿಸಿದ. ಒಂದು ಮೂಲೆ ಸರಿ ಕೂರದೆ ಹೇರ್ ಡ್ರೈಯರಿಂದ ಬಿಸಿ ಮಾಡಿ ಒತ್ತಿದ. ಎಲ್ಲಾ ಸೇರಿ 850 ರೂಪಾಯಿ. ಹಿಂದಿನ ಕಾಯಿಲ್ಲಿನಿಂದ ತೆಗೆದ ಧೂಳು ಒಂದು ಮೊರ ತುಂಬಿತು.

ಮತ್ತೆ ಅದೇ ರಾತ್ರಿ ಪರೀಕ್ಷೆ. ಎಂಟು ಗಂಟೆಗೆ 0.4. ಎರಡು ರಾತ್ರಿ ನೋಡಿದೆ, ಎರಡೂ ಸಲ 0.4. ಅಂದರೆ ದಿನಕ್ಕೆ 1.2, ತಿಂಗಳಿಗೆ 36 ಯೂನಿಟ್ ಉಳಿಯಿತು. ವರ್ಷಕ್ಕೆ 300 ಕೆಜಿ ಹೊಗೆ ಕಮ್ಮಿ ಅಂತ ಮಗ ಫ್ರಿಜ್ ಬಾಗಿಲ ಮೇಲೆ ಚೀಟಿ ಅಂಟಿಸಿದ್ದಾನೆ. ಅಂಗಡಿಯ ಹೊಸ ಫ್ರಿಜ್ ಲೇಬಲ್ಲಲ್ಲಿ 200 ಚಿಲ್ಲರೆ ಯೂನಿಟ್ ಇತ್ತು, ನಮ್ಮದು ಈಗಲೂ 438. ಅಂದರೆ ಹೊಸದು ತಂದರೆ ಇನ್ನೊಂದು 150 ಕೆಜಿ ಉಳಿಯಬಹುದು. ಮೇಷ್ಟ್ರೇ, ಈಗ?

ಲೆಕ್ಕದ ಮೇಷ್ಟ್ರು

ಈಗ ಅವಸರ ಇಲ್ಲ. ಹೊಸ ಫ್ರಿಜ್ಜಿನ ಕಬ್ಬಿಣ, ಪ್ಲಾಸ್ಟಿಕ್, ಫೋಮ್ ತಯಾರಿಕೆಗೇ ನಿಮ್ಮ ಎರಡು ಮೂರು ವರ್ಷದ ಉಳಿತಾಯ ಹೋಗುತ್ತದೆ. ಇದು ಕೆಟ್ಟು ನಿಂತ ದಿನ, ಕಂಪ್ರೆಸರ್ ಬದಲಿಸಬೇಕು ಅಂದ ದಿನ ಹೊಸದು ತಗೊಳ್ಳಿ. ಆಗಲೂ 260 ಲೀಟರ್ ಬೇಕಾ ಅಂತ ಯೋಚಿಸಿ.

ಕಂಪ್ರೆಸರ್ ಕಾಕಾ

ಆ ದಿನ ಬಂದಾಗ ಒಂದು ಮಾತು ನೆನಪಿಡ್ರಿ ಸರ್. ಸಾವಿರದೈನೂರಿಗೆ ಅಂಗಡಿಯವನಿಗೆ ಕೊಟ್ಟರ ಅವನು ಸೆಕೆಂಡ್ ಹ್ಯಾಂಡ್ ಮಾರುತ್ತಾನೆ, ಅದು ಇನ್ನೊಬ್ಬರ ಮನಿಯಾಗ ಕರೆಂಟ್ ತಿನ್ನುತ್ತಾ ಕೂರುತ್ತದೆ. ಗುಜರಿಯವನಿಗೆ ಕೊಟ್ಟರ ತಾಮ್ರದ ಆಸೆಗೆ ಪೈಪ್ ಕತ್ತರಿಸುತ್ತಾನೆ. 2011ರ ಫ್ರಿಜ್ ಅಂದ್ರ ಬಹಳ ಮಾಡಿ ಆರ್-134ಎ ಗ್ಯಾಸ್ ಇರುತ್ತದೆ, ಹಿಂದಿನ ಚೀಟಿ ಓದ್ರಿ. 120 ಗ್ರಾಂ ಇದ್ದರೂ ಅದು ಸುಮಾರು 170 ಕೆಜಿ ಹೊಗೆ. ಹಳೇ ಮಾಲು ನೋಂದಾಯಿತ ಇ-ತ್ಯಾಜ್ಯದವರ ಕೈಗೇ ಹೋಗಬೇಕು, ಅದರ ಹೊಣೆ ಕಂಪನಿಯದ್ದು ಅಂತ ನಿಯಮ ಇದೆ, ಕಂಪನಿಯವರನ್ನೇ ಕೇಳ್ರಿ, ರಸೀದಿ ತಗೊಳ್ರಿ.

ಕುವೆಂಪುನಗರದವ

ಈಗಷ್ಟೇ ಹಿಂದೆ ಹೋಗಿ ಬಗ್ಗಿ ನೋಡಿದೆ. ಆರ್-134ಎ, 115 ಗ್ರಾಂ. ಚೀಟಿಯ ಫೋಟೋ ತೆಗೆದಿಟ್ಟಿದ್ದೇನೆ.

ಇನ್ನೊಂದು. ಎದುರು ಮನೆಯವರಿಗೆ ನೋಟಿನ ಪರೀಕ್ಷೆ ತೋರಿಸಿದೆ. ಅವರದ್ದೂ ಬಿತ್ತು. ಅದರ ಪಕ್ಕದ ಮನೆಯದ್ದೂ ಬಿತ್ತು. ನಾಳೆ ಸಂಜೆ ಟಾರ್ಚ್ ಹಿಡಿದು ಬೀದಿ ಪೂರ್ತಿ ಸುತ್ತುತ್ತೇನೆ ಅಂತ ಮಗ ಹೇಳುತ್ತಿದ್ದಾನೆ. ಒಂದೇ ಸಲ ಆರು ಏಳು ರಬ್ಬರ್ ಅಂದ್ರೆ ಸ್ಪೇರ್ ಅಂಗಡಿಯವನು ರೇಟ್ ಇಳಿಸುತ್ತಾನಾ, ಯಾರಾದರೂ ಕೇಳಿ ನೋಡಿದ್ದೀರಾ?

ತಾರಸಿ ತೋಟ

ಇಳಿಸುತ್ತಾನೆ. ಹತ್ತು ಅಂತ ಹೇಳಿ.